ಬೀರುವಿನೊಳಗಿನ ಟೆಸ್ಟ್ ಫೋನು

ಸಿಸ್ಟಮ್ ಸರಿ ಇದೆಯಾ ಎಂದು ನರ್ಸಿಂಗ್ ಹೋಮಿನ ಮ್ಯಾನೇಜರು ಕೇಳಿದಾಗ, ಈಗ ಸರಿ ಇದೆ, ನಿನ್ನೆ ಇರಲಿಲ್ಲ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. "ಸರಿ ಇದೆ ಸಾರ್" ಎಂದೆ. ಪಕ್ಕದಲ್ಲಿ ನನ್ನ ಅಕ್ಕ ನಿಂತಿದ್ದಳು. ಆ ಮಾತಿನಿಂದ ಅವಳ ಕೆಲಸ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಒಬ್ಬ ಮನುಷ್ಯನ ಸಾವು ಅವಳ ಹೆಸರಿಗೆ ಅಂಟಿಕೊಂಡಿತು.

ಆಫೀಸುಗಳಿಗೆ ಫೋನು ಕೂರಿಸುವ ಕಸುಬಿಗೆ ಹೊಸದಾಗಿ ಬರುವವರಿಗೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಮೊಣಕಾಲು ಈಗ ಏಣಿ ಹತ್ತುವುದಿಲ್ಲ, ಕೆಲಸ ಬಿಟ್ಟಿದ್ದೇನೆ. ಹೆಚ್ಚು ಓದಿದವನಲ್ಲ. ಎಸ್ಸೆಸ್ಸೆಲ್ಸಿಗೆ ಮತ್ತೆ ಮತ್ತೆ ಕೂತು ಫೇಲಾದ ಮೇಲೆ ಅಕ್ಕನೇ ನನ್ನನ್ನು ಶಿವಾಜಿನಗರಕ್ಕೆ ಕರೆದುಕೊಂಡು ಹೋಗಿ ಖಾದರ್ ಭಾಯಿಯ ಅಂಗಡಿಯಲ್ಲಿ ಬಿಟ್ಟಳು. ಅಪ್ಪ ತೀರಿಕೊಂಡಾಗಿನಿಂದ ಮನೆ ನಡೆಸುತ್ತಿದ್ದವಳು ಅವಳು. ಹೆಸರು ಸರೋಜ. ಹಲಸೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಟೆಲಿಫೋನ್ ಆಪರೇಟರ್. ಅಲ್ಲಿನ ಫೋನುಗಳ ರಿಪೇರಿಗೆ ಖಾದರ್ ಭಾಯಿ ಬರುತ್ತಿದ್ದರಿಂದ ಪರಿಚಯ.

ಅಂಗಡಿ ಇದ್ದದ್ದು ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ. ಒಂದು ಕಡೆ ಮಾಂಸದಂಗಡಿ, ಇನ್ನೊಂದು ಕಡೆ ಪರದೆ ಬಟ್ಟೆ ಮಾರುವವರು. ಮಧ್ಯದಲ್ಲಿ ಮೂರಾಳು ನಿಂತರೆ ನಾಲ್ಕನೆಯವನು ಬೀದಿಯಲ್ಲಿ ನಿಲ್ಲಬೇಕಾದ ಜಾಗ. ನಾನು ಮೊದಲ ದಿನ ತಂತಿಯ ಸಿಪ್ಪೆಯನ್ನು ಹಲ್ಲಿನಿಂದ ಎಳೆದೆ. ಭಾಯಿ ತಲೆಗೆ ಒಂದು ಕೊಟ್ಟು, "ಹಲ್ಲು ಬಿರಿಯಾನಿಗೆ ಇಟ್ಕೋ, ತಂತಿಗೆ ಕಟರ್ ಐತೆ" ಎಂದರು. ಅವರು ಮನೆಯಲ್ಲಿ ದಖನಿ, ಗಿರಾಕಿಗಳ ಹತ್ತಿರ ತಮಿಳು, ಇಂಗ್ಲಿಷು, ನನ್ನ ಹತ್ತಿರ ಕನ್ನಡ. ಬೈಯುವುದು ಮಾತ್ರ ಎಲ್ಲ ಸೇರಿಸಿ.

ಆಗ ಫೋನ್ ಡಬ್ಬಿ ಎಂದರೆ ಗೋಡೆಗೆ ಹೊಡೆದ ತಗಡಿನ ಪೆಟ್ಟಿಗೆ. ಹೊರಗಿನ ನಾಲ್ಕು ಲೈನು ಬಂದು ಒಳಗಿನ ಮೂವತ್ತು ಫೋನುಗಳಿಗೆ ಹಂಚಿಹೋಗುತ್ತಿತ್ತು. ಇಂದಿರಾನಗರದಲ್ಲಿ ಬಂಗಲೆಗಳು ಒಂದೊಂದಾಗಿ ಆಫೀಸುಗಳಾಗುತ್ತಿದ್ದ ಕಾಲ. ಅಂಥ ಒಂದು ಬಂಗಲೆಯಲ್ಲಿ ದಿನಾ ಬೆಳಿಗ್ಗೆ ಆಫೀಸು ತೆರೆಯುವ ಹೊತ್ತಿಗೆ ಫೋನುಗಳು ಸಾಯುತ್ತಿದ್ದವು, ಮಧ್ಯಾಹ್ನದ ಹೊತ್ತಿಗೆ ತಾವೇ ಬದುಕುತ್ತಿದ್ದವು. ನಾನು ಪೆಟ್ಟಿಗೆಯೊಳಗಿನ ಕಾರ್ಡು ಬದಲಾಯಿಸಿದೆ, ಹ್ಯಾಂಡ್‌ಸೆಟ್ ಬದಲಾಯಿಸಿದೆ, ಮಾಲೀಕರಿಂದ ಬೈಸಿಕೊಂಡೆ. ಕೊನೆಗೆ ಭಾಯಿ ಬಂದು ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಸುಮ್ಮನೆ ಕೂತರು. ಮಾಲಿ ಬಂದು ಗುಲಾಬಿ ಗಿಡಗಳಿಗೆ ನೀರು ಬಿಟ್ಟ. ಒಳಗೆ ಫೋನು ಸತ್ತವು. ಯಾರೋ ಹಿಂದಿನವರು ತಂತಿಗಳ ಜೋಡಣೆಯನ್ನು ಆ ಮಡಿಯಲ್ಲೇ ಹೂತು ಹೋಗಿದ್ದರು. ಫೋನು ಕೆಟ್ಟಿದೆ ಎಂದರೆ ಮೊದಲು ಮನೆಯನ್ನು ನೋಡಬೇಕು ಎಂದು ನಾನು ಕಲಿತದ್ದು ಅಲ್ಲಿ.

ಭಾಯಿಯ ಇನ್ನೊಂದು ಕಟ್ಟಳೆ ಇತ್ತು. ಕೆಲಸ ಮುಗಿದ ಮೇಲೆ ಬಿಲ್ಲು ಕೊಡುವ ಮೊದಲು ಬೀದಿಗೆ ಹೋಗಬೇಕು. ಒಂದು ರೂಪಾಯಿ ಹಾಕುವ ಫೋನಿನಿಂದ, ಏನೂ ಗೊತ್ತಿಲ್ಲದ ಗಿರಾಕಿಯ ಹಾಗೆ, ಆ ಆಫೀಸಿಗೆ ಫೋನು ಮಾಡಬೇಕು. ಒಳಗಿನಿಂದ ಮಾಡುವ ಪರೀಕ್ಷೆ ಪರೀಕ್ಷೆಯೇ ಅಲ್ಲ ಎನ್ನುತ್ತಿದ್ದರು. ಮೊಬೈಲು ಬಂದ ಮೇಲೂ ಅವರು ಗೇಟು ದಾಟಿ ಬೀದಿಗೆ ಹೋಗಿ ನಿಂತೇ ಮಾಡುತ್ತಿದ್ದರು. ನಮಗೆ ನಗು ಬರುತ್ತಿತ್ತು.

ಆಮೇಲೆ ಓಪನ್ ಸೋರ್ಸ್ ಬಂತು. ಹೊಸಬರಿಗೆ ಇದು ಸಾಮಾನ್ಯ, ನಮಗೆ ಅದೊಂದು ಬೇರೆ ಲೋಕವೇ ಆಗಿತ್ತು. ಕಂಪನಿಯ ಪೆಟ್ಟಿಗೆಗೆ ಸೀಲು ಇರುತ್ತಿತ್ತು. ಒಳಗೆ ಏನು ನಡೆಯುತ್ತದೆ ಎಂಬುದು ಕಂಪನಿಯ ಇಂಜಿನಿಯರಿಗೆ ಮಾತ್ರ ಗೊತ್ತು. ಇಲ್ಲಿ ಹಾಗಲ್ಲ. ಯಾರೋ ಎಲ್ಲೆಲ್ಲೋ ಕೂತು ಬರೆದ ಪ್ರೋಗ್ರಾಮು, ಪುಕ್ಕಟೆ ಸಿಗುತ್ತದೆ. ಮೂಲೆಗೆ ಎಸೆದ ಹಳೆಯ ಕಂಪ್ಯೂಟರಿಗೆ ಅದನ್ನು ಹಾಕಿದರೆ ಅದೇ ಎಕ್ಸ್‌ಚೇಂಜು. ಯಾವ ಕರೆ ಯಾವ ಮೇಜಿಗೆ ಹೋಗಬೇಕು ಎಂಬುದು ಒಳಗೆ ಸಾಲುಸಾಲಾಗಿ ಬರೆದಿರುತ್ತದೆ. ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ನನಗೆ ಇಂಗ್ಲಿಷು ಅಷ್ಟಕ್ಕಷ್ಟೇ. ಸಾಲುಗಳ ಆಕಾರ ನೆನಪಿಟ್ಟುಕೊಂಡು, ಇಂಟರ್ನೆಟ್ಟಿನಿಂದ ನಕಲು ಮಾಡಿ, ಒಂದು ಕಡೆ ತಿದ್ದಿ ಏನಾಗುತ್ತದೆ ನೋಡಿ ಕಲಿತೆ. ತಪ್ಪುಗಳೂ ಹಾಗೆಯೇ ಆಗುತ್ತಿದ್ದವು. ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ಬುಕಿಂಗ್ ಮೇಜು ಎತ್ತದಿದ್ದರೆ ಅಕೌಂಟ್ಸಿಗೆ, ಅಕೌಂಟ್ಸ್ ಎತ್ತದಿದ್ದರೆ ಬುಕಿಂಗಿಗೆ ಎಂದು ಬರೆದಿಟ್ಟು ಬಂದಿದ್ದೆ. ಇಬ್ಬರೂ ಟೀ ಕುಡಿಯಲು ಹೋದ ಹೊತ್ತಿನಲ್ಲಿ ಬಂದ ಕರೆ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇತ್ತು. ಫೋನು ಮಾಡಿದವನು ಮಾಲೀಕನ ಮಾವ.

ಖಾದರ್ ಭಾಯಿಗೆ ಈ ಹೊಸದು ಹಿಡಿಸಲಿಲ್ಲ.

"ಇದರ ಮಾಲೀಕ ಯಾರೋ?" ಎಂದು ಕೇಳಿದರು.

"ಯಾರೂ ಇಲ್ಲ ಭಾಯಿ. ಎಲ್ಲರದ್ದೂ."

"ಎಲ್ಲರದ್ದು ಅಂದ್ರೆ, ಕೆಟ್ಟಾಗ ಯಾರ ಮನೆ ಬಾಗಿಲು ಬಡಿಯೋದು?"

"ನಮ್ಮದೇ" ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, ಸರಿ ಎಂದರು.

ನರ್ಸಿಂಗ್ ಹೋಮಿನ ಹಳೆಯ ಪೆಟ್ಟಿಗೆ ಕೈಕೊಟ್ಟಾಗ ಡಾಕ್ಟರುಗಳಿಗೆ ಹೇಳಿ ನನಗೆ ಆ ಕೆಲಸ ಕೊಡಿಸಿದವಳು ಅಕ್ಕ. ಹೊಸ ವ್ಯವಸ್ಥೆಯಲ್ಲಿ ಫೋನು ಮಾಡಿದವರಿಗೆ ಮೊದಲು ಒಂದು ಧ್ವನಿ ಕೇಳಿಸಬೇಕಿತ್ತು, ಆಂಬುಲೆನ್ಸಿಗೆ ಒಂದು ಒತ್ತಿ, ಡಾಕ್ಟರನ್ನು ಕಾಣಲು ಎರಡು, ಉಳಿದದ್ದಕ್ಕೆ ಶೂನ್ಯ ಎಂದು. ಆ ಧ್ವನಿ ಅಕ್ಕನದ್ದೇ ಇರಲಿ ಎಂದೆ. ಕನ್ನಡ, ತಮಿಳು ಎರಡೂ ಅವಳ ಬಾಯಲ್ಲಿ ನೀರಿನ ಹಾಗೆ ಬರುತ್ತಿದ್ದವು. ಹಲಸೂರಿನ ನಮ್ಮ ಮನೆಯಲ್ಲೇ ಕಿಟಕಿ ಮುಚ್ಚಿ ರೆಕಾರ್ಡು ಮಾಡಿದೆವು. ಮೊದಲ ಸಲ ಕುಕ್ಕರ್ ಕೂಗಿತು. ಎರಡನೇ ಸಲ ಸೊಪ್ಪಿನವಳು ಕೂಗಿದಳು. ಆಮೇಲೆ ಅಕ್ಕನೇ ನಗಲು ಶುರುಮಾಡಿ ನಿಲ್ಲಿಸಲಿಲ್ಲ. ಮಾತಾಡುವುದೆಲ್ಲ ಇದೇ ಮಾಡಿದರೆ ತನಗೆ ಕೆಲಸ ಉಳಿಯುತ್ತದೆಯೇ ಎಂದು ಕೇಳಿದಳು. ಇದು ಬರೀ ದಾರಿ ತೋರಿಸುತ್ತದೆ, ಫೋನು ಎತ್ತುವವಳು ನೀನೇ ಎಂದೆ.

ಬದಲಾವಣೆಗೆ ಭಾನುವಾರ ಇಟ್ಟುಕೊಂಡೆವು. ಆಫೀಸುಗಳಿಗೆ ಅದು ಸರಿ. ನರ್ಸಿಂಗ್ ಹೋಮಿಗೆ ಭಾನುವಾರ ಎಂಬುದಿಲ್ಲ, ಅದು ನನಗೆ ಹೊಳೆಯಬೇಕಿತ್ತು.

ನಾವು ಮಾಡುತ್ತಿದ್ದ ರೀತಿ ಹೀಗೆ. ಒಂದು ಟೆಸ್ಟ್ ಫೋನನ್ನು ಎಕ್ಸ್‌ಚೇಂಜಿನ ಬೀರುವಿನಲ್ಲೇ ಇಟ್ಟುಕೊಳ್ಳುತ್ತೇವೆ. ಹೊರಗಿನ ಕರೆ ಯಾವ ದಾರಿಯಲ್ಲಿ ಬಂದರೂ ಮೊದಲು ಆ ಫೋನಿಗೆ ಬರುವ ಹಾಗೆ ಬರೆದು, ಬಂತು ಎಂದು ಖಾತ್ರಿಯಾದ ಮೇಲೆ ಒಂದೊಂದನ್ನೇ ಅದರದರ ಮೇಜಿಗೆ ತಿರುಗಿಸುತ್ತೇವೆ. ಹತ್ತಾರು ಸಲ ರಿಂಗಾಗಿ ತಲೆ ಕೆಡುತ್ತದೆಂದು ಅದರ ಸದ್ದು ಆರಿಸಿಟ್ಟಿರುತ್ತೇವೆ. ಲೈಟು ಮಿನುಗಿದರೆ ಸಾಕು. ಎತ್ತದಿದ್ದರೆ ಬೇರೆ ಮೇಜಿಗೆ ಹೋಗು ಎಂಬ ಸಾಲನ್ನೂ ಪರೀಕ್ಷೆ ಮುಗಿಯುವ ತನಕ ತೆಗೆದಿಡುತ್ತೇವೆ. ಈ ಕಸುಬಿನವರೆಲ್ಲ ಹೀಗೆಯೇ ಮಾಡುತ್ತಿದ್ದರು.

ಎರಡು ಒತ್ತಿದವರ ಕರೆಯನ್ನೂ ಶೂನ್ಯ ಒತ್ತಿದವರ ಕರೆಯನ್ನೂ ಮೇಜಿಗೆ ತಿರುಗಿಸಿದೆ. ಒಂದು ಒತ್ತಿದವರದು ಉಳಿಯಿತು. ಆಂಬುಲೆನ್ಸಿನ ಕರೆ ಅಕ್ಕನ ಮೇಜಿನಲ್ಲೂ ಕ್ಯಾಷುಯಲ್ಟಿಯಲ್ಲೂ ಒಟ್ಟಿಗೆ ರಿಂಗಾಗಬೇಕಿತ್ತು, ಕ್ಯಾಷುಯಲ್ಟಿಗೆ ತಂತಿ ಇನ್ನೂ ಎಳೆದಿರಲಿಲ್ಲ. ತಂತಿ ಎಳೆದು ಮುಗಿಯುವ ಹೊತ್ತಿಗೆ ಇಂದಿರಾನಗರದ ಇನ್ನೊಬ್ಬ ಗಿರಾಕಿಯ ಫೋನು ಮೇಲಿಂದ ಮೇಲೆ ಬರುತ್ತಿತ್ತು. ಅವನಿಗೆ ಸೋಮವಾರ ಬೆಳಿಗ್ಗೆ ಹೊಸ ಆಫೀಸು ತೆರೆಯಬೇಕಿತ್ತು, ಒಂದು ಫೋನೂ ನಡೆಯುತ್ತಿರಲಿಲ್ಲ. ಅಕ್ಕನ ಮೇಜಿನಿಂದ ಕ್ಯಾಷುಯಲ್ಟಿಗೆ ಫೋನು ಮಾಡಿ ನೋಡಿದೆ. ರಿಂಗಾಯಿತು. ಎಲ್ಲ ಆಯಿತು ಎಂದುಕೊಂಡು ಬೀರುವಿಗೆ ಬೀಗ ಹಾಕಿ ಹೊರಟೆ. ಬೀದಿಗೆ ಹೋಗಿ ನಿಂತು ಫೋನು ಮಾಡಲಿಲ್ಲ.

ಆ ಮಧ್ಯಾಹ್ನ ಜೀವನ್ ಬಿಮಾ ನಗರದ ಒಂದು ಮನೆಯಲ್ಲಿ, ಹೃದಯದ ತೊಂದರೆಗೆ ಚಿಕಿತ್ಸೆ ಪಡೆದು ಅದೇ ವಾರ ಮನೆಗೆ ಬಂದಿದ್ದ ಒಬ್ಬರಿಗೆ ಮತ್ತೆ ಎದೆನೋವು ಬಂತು. ಅವರ ಹೆಂಡತಿ ಡಿಸ್ಚಾರ್ಜ್ ಕಾರ್ಡಿನಲ್ಲಿದ್ದ ನಂಬರಿಗೆ ಫೋನು ಮಾಡಿದರು. ಅಕ್ಕನ ಧ್ವನಿ ಒಂದು ಒತ್ತಿ ಎಂದಿತು. ಒತ್ತಿದರು. ರಿಂಗಾಗುತ್ತಲೇ ಇತ್ತು. ಕತ್ತರಿಸಿ ಮತ್ತೆ ಮತ್ತೆ ಮಾಡಿದರು, ಪ್ರತಿ ಸಲವೂ ಒಂದು ಒತ್ತಿದರು. ಲೈನು ಸತ್ತಿದ್ದರೆ ಆಗಲೇ ಆಟೋಗೆ ಓಡುತ್ತಿದ್ದರು. ರಿಂಗಾಗುತ್ತಿದೆಯಲ್ಲ, ಈಗ ಎತ್ತುತ್ತಾರೆ ಎಂದು ಕಾದರು. ಈ ಕಸುಬಿನಲ್ಲಿ ಇದಕ್ಕಿಂತ ಕೆಟ್ಟ ತಪ್ಪಿಲ್ಲ. ಕೆಟ್ಟ ಫೋನು ಕೆಟ್ಟಿದೆ ಎಂದು ತಿಳಿಸುತ್ತದೆ. ಎಲ್ಲೋ ಯಾರಿಗೂ ಕೇಳದ ಕಡೆ ರಿಂಗಾಗುವ ಫೋನು ಜನರನ್ನು ಕಾಯಿಸುತ್ತದೆ. ಕೊನೆಗೆ ಪಕ್ಕದ ಮನೆಯವರ ಕಾರಿನಲ್ಲಿ ಕರೆತಂದರು. ದಾರಿಯಲ್ಲೇ ಹೋಗಿಬಿಟ್ಟಿದ್ದರು. ಸ್ವಲ್ಪ ಮುಂಚೆ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರು ಹೇಳಿದರಂತೆ.

ಆಗ ನನಗೆ ಇದೊಂದೂ ಗೊತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಉಳಿದ ಚೂರುಪಾರು ಮುಗಿಸಲು ಹೋಗಿ ಹಿಂದಿನ ಕೋಣೆಯಲ್ಲಿ ಬೀರು ತೆರೆದೆ. ಟೆಸ್ಟ್ ಫೋನಿನ ಪರದೆ ಬೆಳಗುತ್ತಿತ್ತು. ಎತ್ತದ ಕರೆಗಳು, ಒಂದರ ಕೆಳಗೆ ಒಂದು, ಬಹುಪಾಲು ಒಂದೇ ನಂಬರಿನಿಂದ. ಅಯ್ಯೋ, ಒಂದು ಒತ್ತಿದವರ ಕರೆಯನ್ನು ತಿರುಗಿಸಿಲ್ಲ ಎಂದುಕೊಂಡು ತಿರುಗಿಸಿದೆ. ಅಭ್ಯಾಸಬಲದಿಂದ ಪರದೆಯಲ್ಲಿದ್ದ ಕರೆಗಳನ್ನು ಅಳಿಸಿ ಫೋನನ್ನು ಚೀಲಕ್ಕೆ ಹಾಕಿಕೊಂಡೆ. ಆಗ ಮುಂದಿನ ಹಾಲಿನಿಂದ ಗಲಾಟೆ ಕೇಳಿತು.

ಹೋಗಿ ನೋಡಿದರೆ ಸತ್ತವರ ಮಗ, ನೆಂಟರು, ಮ್ಯಾನೇಜರು. ನಡುವೆ ಅಕ್ಕ. ಆ ಹೊತ್ತಿಗೆ ಎಲ್ಲರೂ ರೋಗಿಗಳ ಹತ್ತಿರ ಇದ್ದೆವು, ಫೋನು ಎತ್ತುವುದು ಆಪರೇಟರ ಕೆಲಸ ಎಂದು ಕ್ಯಾಷುಯಲ್ಟಿಯವರು ಮೊದಲೇ ಹೇಳಿಬಿಟ್ಟಿದ್ದರು. ನಿನ್ನೆ ಬೇರೆ ಕರೆಗಳನ್ನೆಲ್ಲ ತೆಗೆದುಕೊಂಡಿದ್ದೇನೆ, ಇದು ಬರಲೇ ಇಲ್ಲ ಎಂದು ಹೇಳುತ್ತಿದ್ದಳು. ಮ್ಯಾನೇಜರು ಎಲ್ಲರ ಎದುರಿಗೆ ತಮ್ಮ ಮೊಬೈಲು ತೆಗೆದು ಸ್ಪೀಕರ್ ಹಾಕಿ ಆ ನಂಬರಿಗೆ ಮಾಡಿದರು. ಅಕ್ಕನ ಧ್ವನಿ ಬಂತು. ಒಂದು ಒತ್ತಿದರು. ಅಕ್ಕನ ಮೇಜಿನ ಫೋನು ಜೋರಾಗಿ ರಿಂಗಾಯಿತು.

ಯಾರೂ ಅದನ್ನು ಎತ್ತಲಿಲ್ಲ. ಎಲ್ಲರೂ ಅವಳ ಮುಖ ನೋಡುತ್ತಿದ್ದರು. ಅದು ರಿಂಗಾಗುವ ಹಾಗೆ ಈಗ ತಾನೇ ಮಾಡಿ ಬಂದವನು ನಾನು.

"ರಾಜು, ಸಿಸ್ಟಮ್ ಸರಿ ಇದೆಯೇನಯ್ಯ?"

"ಸರಿ ಇದೆ ಸಾರ್."

ಅಕ್ಕ ನನ್ನನ್ನು ನೋಡಿದಳು. ಆ ನೋಟದಲ್ಲಿ ಅನುಮಾನ ಇರಲಿಲ್ಲ, ಅದೇ ಈಗಲೂ ನನ್ನನ್ನು ತಿನ್ನುವುದು. ಅವಳು ಮ್ಯಾನೇಜರ ಕಡೆ ತಿರುಗಿ, "ಅವನು ಸರಿ ಇದೆ ಅಂದ್ರೆ ಸರಿ ಇರುತ್ತೆ ಸಾರ್. ನಾನು ಒಳಗಡೆ ಊಟಕ್ಕೆ ಕೂತಿದ್ದೆ. ಬಾಗಿಲು ತೆಗೆದೇ ಇತ್ತು. ಹೆಂಗೆ ಕೇಳಿಸ್ಲಿಲ್ವೋ ಗೊತ್ತಾಗ್ತಿಲ್ಲ" ಎಂದಳು.

ಹೊಸ ವ್ಯವಸ್ಥೆಯಲ್ಲಿ ಪ್ರತಿ ಕರೆ ಎಲ್ಲಿಗೆ ಹೋಯಿತು ಎಂಬುದು ತಾನೇ ದಾಖಲಾಗಿರುತ್ತದೆ. ಯಾರು ಬೇಕಾದರೂ ನೋಡಬಹುದಿತ್ತು. ಆದರೆ ನೋಡಬೇಕೆಂದು ಗೊತ್ತಿದ್ದವನು ಅಲ್ಲಿ ನಾನೊಬ್ಬನೇ.

ಯಾಕೆ ಸುಮ್ಮನಿದ್ದೆ ಎಂದರೆ ಹೆದರಿಕೆ. ಪೊಲೀಸು ಕೇಸು ಆಗುತ್ತದೆ, ಬಿಲ್ಲಿನಲ್ಲಿ ಖಾದರ್ ಭಾಯಿಯ ಅಂಗಡಿಯ ಹೆಸರಿದೆ, ನನ್ನ ಮಗಳ ಮದುವೆಯ ಮಾತುಕತೆ ನಡೆಯುತ್ತಿದೆ. ಅಕ್ಕನಿಗೆ ಮದುವೆಯಿಲ್ಲ ಮಕ್ಕಳಿಲ್ಲ, ನಿವೃತ್ತಿಗೆ ಹತ್ತಿರ ಬಂದಿದ್ದಾಳೆ, ತಡೆದುಕೊಳ್ಳುತ್ತಾಳೆ ಎಂದು ಲೆಕ್ಕ ಹಾಕಿದೆ. ಅವತ್ತು ಸಂಜೆ ಹೇಳೋಣ, ಗಲಾಟೆ ತಣ್ಣಗಾದ ಮೇಲೆ ಹೇಳೋಣ, ಮದುವೆ ಮುಗಿದ ಮೇಲೆ ಹೇಳೋಣ ಎಂದು ಮುಂದೆ ಹಾಕಿದೆ. ಆ ವಾರ ಭಾಯಿ ಒಂದೇ ಪ್ರಶ್ನೆ ಕೇಳಿದರು, ಬೀದಿಗೆ ಹೋಗಿ ಫೋನು ಮಾಡಿದ್ದೆಯಾ ಎಂದು. ಮಾಡಿದ್ದೆ ಎಂದೆ. ಅವರು ಇನ್ನೇನೂ ಕೇಳಲಿಲ್ಲ. ಆದರೆ ಅವರು ಬದುಕಿರುವ ತನಕ, ನಾನು ಮುಗಿಸಿದ ಪ್ರತಿ ಕೆಲಸಕ್ಕೂ ಆಮೇಲೆ ತಾವೇ ಹೊರಗಿನಿಂದ ಒಂದು ಫೋನು ಮಾಡಿ ನೋಡುತ್ತಿದ್ದರು.

ಅಕ್ಕನನ್ನು ಆ ತಿಂಗಳೇ ಕೆಲಸದಿಂದ ತೆಗೆದರು. ಅವಳು ಕಿವಿ ಡಾಕ್ಟರ ಹತ್ತಿರ ಹೋಗಿ ಪರೀಕ್ಷೆ ಮಾಡಿಸಿಕೊಂಡಳು. ಕಿವಿಯಲ್ಲಿ ಏನೂ ದೋಷವಿಲ್ಲ ಎಂದರು. ದೋಷವಿದ್ದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಕಿವಿ ಸರಿ ಇದ್ದೂ ಕೇಳಿಸಿಕೊಂಡಿಲ್ಲ ಎಂದರೆ ಊಟದ ಮೇಲೆ ಗಮನವಿತ್ತು ಎಂದೇ ಅರ್ಥ ಎಂದಳು. ಮದುವೆಯ ಮನೆಯಲ್ಲಿ ಸಾವಿನ ಮಾತು ಬೇಡವೆಂದು ಕೆ.ಆರ್. ಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಹೋದಳು. ಊದುಬತ್ತಿ ಪ್ಯಾಕಿಂಗ್ ಕೆಲಸ ಮಾಡಿದಳು. ಅಕ್ಕಪಕ್ಕದ ಕೋಣೆಗಳಲ್ಲಿ ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಅವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಅವರ ಮೊಬೈಲು ರಿಂಗಾದರೆ ಎದ್ದು ಹೊರಗೆ ಹೋಗುತ್ತಿದ್ದಳು. ಭಾನುವಾರ ಮಧ್ಯಾಹ್ನ ಊಟ ಬಿಟ್ಟಳು. ದೇವರ ಒಪ್ಪತ್ತು ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಅವಳ ಧ್ವನಿಯನ್ನು ನರ್ಸಿಂಗ್ ಹೋಮಿನವರು ಬದಲಾಯಿಸಲಿಲ್ಲ. ಎಷ್ಟೋ ವರ್ಷ ಆ ನಂಬರಿಗೆ ಮಾಡಿದವರಿಗೆಲ್ಲ ಅವಳೇ ಒಂದು ಒತ್ತಿ ಎನ್ನುತ್ತಿದ್ದಳು. ಸರ್ವಿಸಿಗೆ ಹೋದಾಗ ನಾನು ಅದನ್ನು ಕೇಳಿಸಿಕೊಂಡು ಬರುತ್ತಿದ್ದೆ.

ಕಳೆದ ತಿಂಗಳು ಅಕ್ಕ ಫೋನಿನಲ್ಲಲ್ಲ, ಪಕ್ಕದ ಕೋಣೆಯವನ ಕೈಯಲ್ಲಿ ಹೇಳಿಕಳಿಸಿದಳು. ಕಾಲು ನೋವು, ಬಸ್ಸು ಹತ್ತಲಾಗುವುದಿಲ್ಲ, ಒಂದು ಕಡೆ ಬಿಡಬೇಕು ಎಂದು. ದೇವಸ್ಥಾನ ಇರಬಹುದು ಎಂದುಕೊಂಡು ಸ್ಕೂಟರು ತೆಗೆದುಕೊಂಡು ಹೋದೆ. ಕೈಯಲ್ಲಿ ಬಾಳೆಹಣ್ಣು, ಹೂವು ಇದ್ದ ಚೀಲ. ದಾರಿ ಹೇಳುತ್ತಾ ಹೋದಳು. ಜೀವನ್ ಬಿಮಾ ನಗರದ ಒಂದು ಅಡ್ಡರಸ್ತೆಯಲ್ಲಿ, ಹಳದಿ ಬಣ್ಣದ ಸಣ್ಣ ಮನೆಯ ಮುಂದೆ ನಿಲ್ಲಿಸು ಎಂದಳು. ಯಾರ ಮನೆ ಎಂದು ಕೇಳಿದೆ.

"ಅವರದ್ದೇ ಕಣೋ. ಇವತ್ತು ಅವರ ಯಜಮಾನ್ರ ತಿಥಿ. ವರ್ಷ ವರ್ಷಾನೂ ಬರ್ತೀನಿ."

ಆಮೇಲೆ ಸಾವಕಾಶವಾಗಿ ಹೇಳಿದಳು. ಮೊದಲ ವರ್ಷ ಕಾಲಿಗೆ ಬಿದ್ದು ತಪ್ಪಾಯಿತು ಎಂದಿದ್ದಳಂತೆ. ಅವಳು ಬಾಯಿ ತೆರೆದ ತಕ್ಷಣ ಆ ಅಮ್ಮ ಧ್ವನಿ ಗುರುತು ಹಿಡಿದು, "ಒಂದು ಒತ್ತಿ ಅಂದೋಳು ನೀನೇ ಅಲ್ವಾ" ಎಂದು ಬಾಗಿಲು ಹಾಕಿಕೊಂಡರಂತೆ. ಕೆಲವು ವರ್ಷ ಗೇಟಿನ ಮೇಲೆ ಹೂವಿಟ್ಟು ಬಂದಳು. ಈಗ ಒಳಗೆ ಬಿಡುತ್ತಾರೆ. ವರಾಂಡದಲ್ಲಿ ಕೂರಿಸುತ್ತಾರೆ. ಮಾತಾಡುವುದಿಲ್ಲ.

ನನ್ನ ಕೈ ಸ್ಕೂಟರಿನ ಹ್ಯಾಂಡಲ್ ಮೇಲೆಯೇ ಇತ್ತು. ಅಲ್ಲೇ, ರಸ್ತೆಯ ಬದಿಯಲ್ಲಿ, ಅವಳ ಮುಖ ನೋಡದೆ ಎಲ್ಲ ಹೇಳಿದೆ. ಬೀರು, ಟೆಸ್ಟ್ ಫೋನು, ಬೆಳಿಗ್ಗೆ ತಿರುಗಿಸಿದ್ದು, ಅಳಿಸಿದ್ದು.

ಅವಳು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು.

"ಹಂಗಾದ್ರೆ ಅವತ್ತು ನನ್ನ ಟೇಬಲ್ ಮೇಲೆ ಅದು ರಿಂಗೇ ಆಗ್ಲಿಲ್ವಾ?"

"ಇಲ್ಲ ಅಕ್ಕ."

"ನಾನು ಊಟ ಮಾಡ್ದೆ ಅಲ್ಲೇ ಕೂತಿದ್ರೂ?"

"ಆಗ್ತಿರ್ಲಿಲ್ಲ."

ಅವಳು ಅಳುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. "ನಿನ್ನ ಮಗಳ ಮದುವೇಲಿ ನಾನು ಹಿಂದಿನ ಸಾಲಲ್ಲಿ ಕೂತಿದ್ದೆ" ಎಂದಳು. ನಾನು ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು.

"ಇಲ್ಲಿ ಬೇಡ. ಒಳಗೆ ಬಾ."

ಗೇಟು ಅವಳೇ ತೆಗೆದಳು. ವರಾಂಡದಲ್ಲಿ ಆ ಅಮ್ಮ ಕೂತಿದ್ದರು. ತುಂಬ ವಯಸ್ಸಾಗಿದೆ. ಅಕ್ಕನನ್ನು ನೋಡಿ ಪಕ್ಕದ ಕುರ್ಚಿ ತೋರಿಸಿದರು, ಆಮೇಲೆ ಇವನ್ಯಾರು ಎನ್ನುವ ಹಾಗೆ ನನ್ನನ್ನು ನೋಡಿದರು. ಅಕ್ಕ ಕೂರಲಿಲ್ಲ. ಹಣ್ಣು ಹೂವು ಮೇಜಿನ ಮೇಲಿಟ್ಟು, ನನ್ನ ತಮ್ಮ, ಫೋನಿನ ಕೆಲಸದವನು ಎಂದಷ್ಟೇ ಹೇಳಿ, ಗೋಡೆಯ ಕಡೆ ಸರಿದು ನಿಂತಳು. ನಾನು ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ನಿಂತೆ.

"ಅಮ್ಮಾ, ಅವತ್ತು ನೀವು ಮಾಡಿದ ಫೋನು ನಮ್ಮಕ್ಕನ ಹತ್ರ ಹೋಗ್ಲೇ ಇಲ್ಲ. ಬೀರುವೊಳಗೆ ನಾನು ಇಟ್ಟಿದ್ದ ಫೋನಿಗೆ ಹೋಯ್ತು. ಅದನ್ನ ತಿರುಗಿಸೋದು ಮರೆತೋನು ನಾನು. ಮಾರನೇ ದಿನ ಗೊತ್ತಾಯ್ತು. ಗೊತ್ತಾದ ಮೇಲೂ ಎಲ್ಲರ ಎದುರಿಗೆ ಸರಿ ಇದೆ ಅಂದೆ. ಇವಳು ಏನೂ ಮಾಡಿಲ್ಲ. ಇವಳು ನಿಮ್ಮ ಹತ್ರ ಕೇಳಿದ್ದೆಲ್ಲ ನಾನು ಕೇಳ್ಬೇಕಾಗಿದ್ದು. ತಪ್ಪಾಯ್ತು ಅಮ್ಮಾ. ಅಕ್ಕಾ, ತಪ್ಪಾಯ್ತು."